ಲೈಪ್‌ಜಿಗ್‌ಗೆ ಯಾರೂ ಹೋಗುತ್ತಿಲ್ಲ

ಹಸ್ನಿಯಾ ತಟ್ಟೆ ಹಿಡಿದು ಮಹಡಿ ಹತ್ತಿ ಮಗನ ಮನೆಯ ಬಾಗಿಲು ತಳ್ಳಿದಾಗ ಒಳಗಿನ ಮಾತು ಗಕ್ಕನೆ ನಿಂತಿತು. ಇಡೀ ಸಂಸಾರ ಜಮಖಾನೆಯ ಮೇಲೆ ಬೋರಲು ಮಲಗಿ ಏನನ್ನೋ ನೋಡುತ್ತಿತ್ತು. ಮಗ ಗಸ್ಸಾನ್ ಧಡಕ್ಕನೆ ಎದ್ದು ಒಂದು ದೊಡ್ಡ ಹಾಳೆಯ ಮೇಲೆ ಕೂತುಬಿಟ್ಟ. ಸೊಸೆ ಅರೀಜ್ ಮೊಬೈಲನ್ನು ಮಗುಚಿಟ್ಟಳು. ದೊಡ್ಡ ಮೊಮ್ಮಗಳು ಮೈಸ್ ಬಣ್ಣದ ಪೆನ್ನನ್ನು ಬೆನ್ನ ಹಿಂದೆ ಅಡಗಿಸಿದಳು. ಐದು ವರ್ಷದ ಕರಮ್ ಮಾತ್ರ ಅಜ್ಜಿಯನ್ನು ನೆಟ್ಟಗೆ ನೋಡಿ, ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟ.

"ಅಜ್ಜಿ, ನಾವು ಲೈಪ್‌ಜಿಗ್‌ಗೆ ಹೋಗ್ತಾ ಇಲ್ಲ."

"ಹೌದಾ ಕಂದ? ಮತ್ತೆ ಇನ್ನೆಲ್ಲೆಲ್ಲಿಗೆ ಹೋಗ್ತಾ ಇಲ್ಲ?"

"ಅಲ್ಲಿ ಜಿರಾಫೆ ನೋಡೋಕೂ ಹೋಗ್ತಾ ಇಲ್ಲ. ಟ್ರಾಮೂ ಹತ್ತಲ್ಲ."

ಗಸ್ಸಾನ್ ಕೆಮ್ಮಿದ. ಅರೀಜ್ ಎದ್ದು ಬಂದು, "ಕೊಡಿ ಅತ್ತೆ, ದ್ರಾಕ್ಷಿ ಎಲೆ ಸುತ್ತಿದ್ರಾ? ಘಮ್ ಅಂತಿದೆ," ಎಂದು ತಟ್ಟೆ ತೆಗೆದುಕೊಂಡಳು. ಕೂತ್ಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ಹಸ್ನಿಯಾ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಕೆಳಗಿನ ತನ್ನ ಮನೆ ಸೇರಿದಳು.

ಅವಳಿಗೆ ಗೊತ್ತಾಗದ ವಿಷಯವೇನೂ ಅಲ್ಲ. ಇರ್ಬಿದ್ ಊರು ಬಿಸಿಲಿಗೆ ಬೇಯುತ್ತಿರುವ ಮೇ ತಿಂಗಳಲ್ಲಿ ಯಾರಾದರೂ ಮಕ್ಕಳಿಗೆ ಮಳೆಯಂಗಿ ಕೊಳ್ಳುತ್ತಾರೆಯೇ? ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಹೊಸ ಸೂಟ್‌ಕೇಸುಗಳು ಹಳೆಯ ಚಾದರ ಹೊದ್ದು ಕೂತಿದ್ದನ್ನು ಬಟ್ಟೆ ಒಣಹಾಕಲು ಹೋದಾಗ ಅವಳೇ ನೋಡಿದ್ದಳು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಇರುವವಳು ಬೇರೆ ಯಾರೂ ಅಲ್ಲ, ಅವಳ ಮಗಳೇ ಹನಾದಿ. ಅಣ್ಣನ ಸಂಸಾರ ಶಾಲೆಯ ರಜೆಗೆ ತಂಗಿಯ ಮನೆಗೆ ಹೋಗುವುದರಲ್ಲಿ ಬಚ್ಚಿಡುವಂಥದ್ದೇನಿದೆ? ಬಚ್ಚಿಡುವುದಾದರೂ ಯಾರಿಂದ?

ಉತ್ತರ ಕನ್ನಡಿಯಲ್ಲಿತ್ತು. ಆ ಸೀಮೆಯಲ್ಲಿ ನೀಲಿ ಕಣ್ಣು ಮತ್ತು ಮುಂದಿನ ಹಲ್ಲುಗಳ ನಡುವೆ ಸಂದು ಎರಡೂ ಒಂದೇ ಮುಖದಲ್ಲಿದ್ದರೆ ಅಂಥವರ ದೃಷ್ಟಿ ಕಲ್ಲನ್ನೂ ಸೀಳುತ್ತದೆ ಎಂದು ಜನ ನಂಬುತ್ತಾರೆ. ದೇವರು ಹಸ್ನಿಯಾಳಿಗೆ ಎರಡನ್ನೂ ಧಾರಾಳವಾಗಿ ಕೊಟ್ಟಿದ್ದ. ಮಗನ ಹೆಸರು ಸೇರಿಸಿ 'ನಿದಾಲನ ತಾಯಿ' ಎಂದು ಎಲ್ಲರೂ ಕರೆಯುವ ಎದುರುಮನೆಯ ಉಮ್ ನಿದಾಲ್‌ಳ ಹೊಸ ವಾಷಿಂಗ್ ಮೆಷಿನ್ ನೋಡಿ, "ಅಬ್ಬ, ಸದ್ದೇ ಇಲ್ವಲ್ಲ," ಎಂದು ಅವಳು ಅಂದ ದಿನವೇ ಅದು ಶಾಶ್ವತವಾಗಿ ಸದ್ದಿಲ್ಲದಾಯಿತು. ಅವಳು ಹೊಗಳಿದ ಮೈದುನನ ಕಾರಿನ ಕಥೆಯಂತೂ ಮದುವೆ ಮನೆಗಳಲ್ಲಿ ಇವತ್ತಿಗೂ ನಗೆಗೆ ಸರಕು. ಹೊಗಳಿದ ಕೂಡಲೇ 'ಮಾಷಾಅಲ್ಲಾ' ಅಂದುಬಿಟ್ಟರೆ ದೃಷ್ಟಿ ತಾಗುವುದಿಲ್ಲ. ಆದರೆ ಹಸ್ನಿಯಾಳಿಗೆ ಸಂತೋಷವಾದಾಗ ಆ ಮಾತು ಮರೆತುಹೋಗುತ್ತಿತ್ತು. ಅವಳೂ ಇದನ್ನೆಲ್ಲ ನಗುತ್ತಲೇ ಹೊತ್ತುಕೊಂಡು ಬಂದವಳು. ಬಾಡಿದ ಸೌತೆಕಾಯಿ ಕೊಡಲು ಬಂದ ತಳ್ಳುಗಾಡಿಯವನಿಗೆ, "ನೋಡು, ನಿನ್ನ ಗಾಡೀನ ಒಂದ್ಸಲ ಚೆನ್ನಾಗಿ ನೋಡ್ಬಿಡ್ತೀನಿ," ಎಂದು ಹೆದರಿಸಿ ಒಳ್ಳೆಯದನ್ನೇ ಆರಿಸಿ ತರುತ್ತಿದ್ದಳು.

ಆದರೆ ಹೆತ್ತ ಮಗ ಹೆದರುವುದು ಬೇರೆ. ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ ಅವಳಿಗೆ.

ಮರುದಿನ ಗಾಯಕ್ಕೆ ಉಪ್ಪು ಸವರಲೆಂದೇ ಬಂದಂತೆ ಉಮ್ ನಿದಾಲ್ ಮೆಟ್ಟಿಲಲ್ಲಿ ಸಿಕ್ಕಳು. "ಅಲ್ಲಿ ಜೂನಲ್ಲೂ ಮಳೆಯಂತಲ್ಲ ಉಮ್ ಗಸ್ಸಾನ್? ಅರೀಜ್ ಹೇಳಿದ್ಲು. ಪಾಪ, ಮಕ್ಕಳಿಗೆ ನೆಗಡಿ ಆಗದಿದ್ರೆ ಸಾಕು."

"ಆಗಲ್ಲ ಬಿಡು. ಅವ್ರು ಎಲ್ಲಿಗೂ ಹೋಗ್ತಾ ಇಲ್ಲ," ಎಂದಳು ಹಸ್ನಿಯಾ.

ವಾಷಿಂಗ್ ಮೆಷಿನ್ ಕಳೆದುಕೊಂಡವಳಿಗೂ ಗೊತ್ತಿದೆ, ತನಗೆ ಮಾತ್ರ ಇಲ್ಲ. ಅಂದಿನಿಂದ ಅವಳು ಮಹಡಿಗೆ ಅಡುಗೆ ಕಳಿಸುವುದನ್ನು ನಿಲ್ಲಿಸಿದಳು. ಜಗಳವಾಡಲಿಲ್ಲ, ಮುಖ ಊದಿಸಿಕೊಂಡು ಓಡಾಡಲೂ ಇಲ್ಲ. ಮಜ್ಜಿಗೆಸಾರಿನಲ್ಲಿ ಬೇಯಿಸಿದ ಕುರಿಮಾಂಸದ ಪರಿಮಳ ಮಾತ್ರ ಮೆಟ್ಟಿಲೇರಿ ಹೋಗುತ್ತಿತ್ತು, ತಟ್ಟೆ ಹೋಗುತ್ತಿರಲಿಲ್ಲ. ಮೂರನೆಯ ದಿನಕ್ಕೆ ಗಸ್ಸಾನ್ ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತ. ಅವನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಊರವರ ಕಣ್ಣನ್ನೆಲ್ಲ ಪರೀಕ್ಷಿಸುವವನು ತಾಯಿಯ ಕಣ್ಣನ್ನು ಎದುರಿಸಲಾರದೆ ಗೋಡೆ ನೋಡಿದ.

"ಅಮ್ಮ, ಕೋಪಾನಾ?"

"ನನಗೇನಪ್ಪ ಕೋಪ? ಎಲ್ಲಿಗೂ ಹೋಗದೆ ಮನೇಲೇ ಇರೋರಿಗೆ ಹಸಿವು ಕಮ್ಮಿ ಅಂತ ಅಡುಗೆ ಕಳಿಸ್ಲಿಲ್ಲ."

"ಹಾಗಲ್ಲಮ್ಮ... ಸ್ವಲ್ಪ ದಿನ ತಡಿ. ಆಮೇಲೆ ಎಲ್ಲಾ ಹೇಳ್ತೀನಿ."

"ತಡೀತೀನಿ. ನಿಮ್ಮ ವಿಮಾನ ಹಾರಿದ ಮೇಲೆ ಆಕಾಶ ನೋಡಿ ತಿಳ್ಕೊಳ್ತೀನಿ."

ಅವನು ಮೆಟ್ಟಿಲು ಹತ್ತಿ ಹೋದ.

ಆ ಶುಕ್ರವಾರ ಮಧ್ಯಾಹ್ನ ಕರಮ್ ಒಬ್ಬನೇ ಕೆಳಗಿಳಿದು ಬಂದ. ಬೆನ್ನಿಗೆ ತನ್ನ ಶಾಲೆಯ ಚೀಲ. ಅಜ್ಜಿಯ ಮಂಚದ ಮೇಲೆ ಅದನ್ನು ಸುರುವಿದ. ಒಂದು ಪ್ಲಾಸ್ಟಿಕ್ ಜಿರಾಫೆ, ಅರ್ಧ ಬಿಸ್ಕತ್ತು, ಮತ್ತು ಅವನು ಕೂಸಾಗಿದ್ದಾಗ ಹೊದೆಯುತ್ತಿದ್ದ, ಹಸ್ನಿಯಾಳೇ ಹೆಣೆದ ಹಳದಿ ಉಲ್ಲನ್ ಕಂಬಳಿ.

"ಇದನ್ನ ಚಿಕ್ಕದಾಗಿ ಮಡಚಿಕೊಡು ಅಜ್ಜಿ. ಅಮ್ಮ ಸೂಟ್‌ಕೇಸಲ್ಲಿ ಜಾಗ ಇಲ್ಲ ಅಂತಾಳೆ."

"ಇಷ್ಟು ದೊಡ್ಡವನಾಗಿ ಇದನ್ನ ಹೊದ್ಕೋತೀಯೇನೋ?"

"ನನಗಲ್ಲ. ಹನಾದಿ ಅತ್ತೆ ಹೊಟ್ಟೇಲಿರೋ ಪಾಪುಗೆ." ಅಂದವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಮೆಲ್ಲಗೆ ಕೈ ತೆಗೆದು, "ಅತ್ತೆ ಹೊಟ್ಟೇಲಿ ಪಾಪು ಇಲ್ಲ," ಎಂದ.

ಹಸ್ನಿಯಾ ಕಂಬಳಿಯನ್ನು ಮಡಚಿದಳು. ಬಿಚ್ಚಿ ಮತ್ತೆ ಮಡಚಿದಳು. "ಇಲ್ಲ ಕಂದ. ನನಗೇನೂ ಕೇಳಿಸ್ಲಿಲ್ಲ," ಎಂದು ಅವನ ಬೆನ್ನಿಗೆ ಚೀಲ ಏರಿಸಿ ಕಳಿಸಿದಳು.

ಆಮೇಲೆ ಮಂಚದ ಮೇಲೆ ಕೂತಳು. ಹನಾದಿಗೆ ಹಿಂದೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಎರಡು ಸಲವೂ ಸುದ್ದಿ ಕಿವಿಗೆ ಬಿದ್ದ ದಿನವೇ ಹಸ್ನಿಯಾ ಎಳ್ಳಿನ ಬಿಸ್ಕತ್ತು ಮಾಡಿ ಬೀದಿಗೆಲ್ಲ ಹಂಚಿದ್ದಳು. ಸಂತೋಷ ಅವಳ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ, ಏನು ಮಾಡುವುದು? ಬಿಸ್ಕತ್ತು ತಿಂದವರೆಲ್ಲ ಆಮೇಲೆ ಒಬ್ಬೊಬ್ಬರಾಗಿ ಲೈಪ್‌ಜಿಗ್‌ಗೆ ಫೋನ್ ಹಚ್ಚಿ ಮಗಳನ್ನು ಸಮಾಧಾನ ಮಾಡಿದರು. ಎರಡನೆಯ ಸಲ ಹನಾದಿ ದಣಿದ ದನಿಯಲ್ಲಿ, "ಅಮ್ಮ, ನಾನು ಎಷ್ಟು ಜನರ ಹತ್ರ ಅಳಬೇಕು?" ಎಂದು ಕೇಳಿದ್ದಳು. ಆಗ ಹಸ್ನಿಯಾಳಿಗೆ ಅದು ಅರ್ಥವಾಗಿರಲಿಲ್ಲ. ಈಗ ಎದೆಗೆ ಚುಚ್ಚಿದಂತೆ ಅರ್ಥವಾಯಿತು.

ಅದಕ್ಕಿಂತ ದೊಡ್ಡ ನೋವು ಇನ್ನೊಂದಿತ್ತು. ಬಾಣಂತನದ ನಲವತ್ತು ದಿನ ಮಗಳ ಮಗ್ಗುಲಲ್ಲಿ ಇರುವುದು ತಾಯಿಯ ಹಕ್ಕು. ಅರಮನೆಯಾದರೂ ಗುಡಿಸಲಾದರೂ ಆ ಹಕ್ಕನ್ನು ಯಾರೂ ಕಸಿಯುವುದಿಲ್ಲ. ಅದನ್ನು ಹನಾದಿ ಎತ್ತಿ ಅತ್ತಿಗೆಯ ಕೈಗೆ ಕೊಟ್ಟಿದ್ದಳು. ಜಿರಾಫೆ, ಟ್ರಾಮು ಎಲ್ಲ ಮಕ್ಕಳ ಪಾಲಿಗೆ. ಅರೀಜ್ ಹೊರಟಿರುವುದು ತಾಯಿಯ ಜಾಗಕ್ಕೆ. ತನ್ನ ಬಾಯಿಗೆ ಹೆದರಿ ಹೀಗೆ ಮಾಡಿದಳೋ, ಕಣ್ಣಿಗೆ ಹೆದರಿಯೋ? ಬಾಯಿಯಾದರೆ ಮುಚ್ಚಿಕೊಳ್ಳಬಹುದು. ಕಣ್ಣಾದರೆ? ಹಸ್ನಿಯಾ ಸ್ವಲ್ಪ ಹೊತ್ತು ಅತ್ತು, ಮುಖ ತೊಳೆದು, ತಲೆವಸ್ತ್ರ ಕಟ್ಟಿಕೊಂಡು ಹೊರಬಿದ್ದಳು.

ಕೂಸು ಹುಟ್ಟಿದ ಮನೆಯಲ್ಲಿ ಅಕ್ಕಿಹಿಟ್ಟು, ಸಕ್ಕರೆ, ಶಾಜೀರಿಗೆ ಪುಡಿ ಹಾಕಿ ಕುದಿಸಿ, ಮೇಲೆ ಅಕ್ರೋಟು ಉದುರಿಸಿ ಗಟ್ಟಿ ಪಾಯಸ ಮಾಡುವುದು ಆ ಊರಿನ ರೂಢಿ. ಬಾಣಂತಿಗೆ ಹಾಲು ಇಳಿಯುತ್ತದೆ, ಬಂದವರ ಬಾಯಿ ಸಿಹಿಯಾಗುತ್ತದೆ. ಹಸ್ನಿಯಾ ಅದಕ್ಕೆ ಮಾಡುವ ಪುಡಿಯೆಂದರೆ ಬೀದಿಗೇ ಹೆಸರು. ತೊಂದರೆಯೆಂದರೆ ಅದರ ವಾಸನೆ. ಶಾಜೀರಿಗೆ ಬಾಣಲೆಗೆ ಬಿದ್ದರೆ ಸಾಕು, ಕೇರಿಯ ಹೆಂಗಸರೆಲ್ಲ ಕಿಟಕಿಗೆ ಬಂದು, "ಯಾರ ಮನೇಲಿ? ಗಂಡೋ ಹೆಣ್ಣೋ?" ಎಂದು ಕೇಳುತ್ತಾರೆ. ಮನೆಯಲ್ಲಿ ಹುರಿಯುವುದೂ ಒಂದೇ, ಮಸೀದಿಯ ಮೈಕಿನಲ್ಲಿ ಸಾರುವುದೂ ಒಂದೇ. ಅದಕ್ಕೇ ಅವಳು ಬಸ್ಸು ಹಿಡಿದು, ತನ್ನ ಗುರುತೇ ಇಲ್ಲದ ಊರಿನ ಇನ್ನೊಂದು ತುದಿಯ ಮಸಾಲೆ ಅಂಗಡಿಗೆ ಹೋಗಿ ಹುರಿಸಿ ಬೀಸಿಸಿದಳು.

"ಶುಭವಾಗ್ಲಿ ತಾಯಿ. ಮಗಳಿಗೋ ಸೊಸೆಗೋ?" ಎಂದ ಅಂಗಡಿಯವನು.

"ಯಾರಿಗೂ ಇಲ್ಲಪ್ಪ. ನನಗೇ ಹೊಟ್ಟೆಯುಬ್ಬರ."

ಬಸ್ಸಿನಲ್ಲಿ ಪಕ್ಕದವಳು ಮೂಗರಳಿಸಿದಳು. ಹಸ್ನಿಯಾ ಕಿಟಕಿಯ ಹೊರಗೆ ನೋಡಿದಳು. ಮೆಟ್ಟಿಲಲ್ಲಿ ಉಮ್ ನಿದಾಲ್ ತಡೆದು, "ಏನೋ ಘಮಘಮ ಅಂತಿದೆಯಲ್ಲ?" ಎಂದಾಗ, "ಕೆಮ್ಮಿನ ಕಷಾಯ," ಎಂದು ಜೋರಾಗಿ ಕೆಮ್ಮಿಯೂ ತೋರಿಸಿದಳು. ಹೊಟ್ಟೆಯೊಳಗಿನ ಸಂತೋಷ ಗಂಟಲವರೆಗೆ ಬಂದು ಬಂದು ಹೋಗುತ್ತಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ಅದನ್ನು ನುಂಗಿಕೊಂಡಳು.

ಸಂಜೆ ಒಂದು ಕೈಯಲ್ಲಿ ಅಡುಗೆಯ ತಟ್ಟೆ, ಇನ್ನೊಂದು ಕೈಯಲ್ಲಿ ಆ ಮಸಾಲೆ ಅಂಗಡಿಯ ಚೀಲದೊಳಗಿಟ್ಟ ಕಾಫಿ ಡಬ್ಬ ಹಿಡಿದು ಮಹಡಿ ಹತ್ತಿದಳು. ಮತ್ತೆ ಮಾತು ನಿಂತಿತು, ಮತ್ತೆ ಗಸ್ಸಾನ್ ಹಾಳೆಯ ಮೇಲೆ ಕೂತ.

"ಏಳೋ ಮೇಲೆ. ಕೂತು ಕೂತು ಆ ಊರನ್ನ ಚಪ್ಪಟೆ ಮಾಡ್ಬಿಟ್ಟೆ," ಎಂದು ಹಸ್ನಿಯಾ ಜಮಖಾನೆಯ ಮೇಲೆ ಕಾಲು ಚಾಚಿ ಕೂತಳು. "ಮೈಸ್, ಬಾ ಇಲ್ಲಿ. ನೀವು ಹೋಗದೇ ಇರೋ ಊರಲ್ಲಿ ಏನೇನು ನೋಡಲ್ಲ ಅಂತ ತೋರ್ಸು."

ಮೈಸ್ ಅಪ್ಪನ ಮುಖ ನೋಡಿದಳು. ಅಪ್ಪ ಎದ್ದ. ಹಾಳೆಯ ಮೇಲೆ ಅವಳೇ ಬರೆದ ಲೈಪ್‌ಜಿಗ್ ಇತ್ತು: ಹಸಿರು ಗೆರೆಯ ಟ್ರಾಮ್ ದಾರಿ, ಅತ್ತೆಯ ಮನೆ, ಸರೋವರ, ಜಿರಾಫೆಗಳ ಮೈದಾನ. "ಮೊದಲ ದಿನ ಇಲ್ಲಿ. ಮಳೆ ಬಂದ್ರೆ ಮ್ಯೂಸಿಯಂ. ಅಪ್ಪ ರೈಲ್ವೇ ಸ್ಟೇಷನ್ ನೋಡ್ಬೇಕಂತೆ, ಯಾಕೋ ಗೊತ್ತಿಲ್ಲ."

"ದೊಡ್ಡ ಸ್ಟೇಷನ್ ಕಣೇ ಅದು," ಎಂದ ಗಸ್ಸಾನ್.

"ಜಿರಾಫೆಗಿಂತ ದೊಡ್ಡದಾ?" ಎಂದ ಕರಮ್.

ಎಲ್ಲರೂ ನಕ್ಕರು. ಆ ನಗುವಿನ ನಡುವೆ ಹಸ್ನಿಯಾ ಡಬ್ಬವನ್ನು ಸೊಸೆಯತ್ತ ಸರಿಸಿ, "ಕಾಫಿಪುಡಿ. ಹನಾದಿಗೆ. ಇನ್ನೂ ಒಂದೆರಡು ತಿಂಗಳು ಮುಚ್ಚಳ ತೆಗೀಬೇಡಿ," ಎಂದಳು.

ಅರೀಜ್ ಆಗಲೇ ತೆಗೆದಿದ್ದಳು. ಶಾಜೀರಿಗೆಯ ವಾಸನೆ ಕೋಣೆಯನ್ನೆಲ್ಲ ತುಂಬಿತು. ಅವಳು ಅತ್ತೆಯನ್ನು ನೋಡಿದಳು, ಕಣ್ಣು ತುಂಬಿಕೊಂಡಿತು.

"ಅಮ್ಮ," ಎಂದ ಗಸ್ಸಾನ್ ಸಣ್ಣ ದನಿಯಲ್ಲಿ, "ಬೀದೀಲಿ ಯಾರ‍್ಯಾರಿಗೆ ಹೇಳ್ದೆ?"

"ಏನನ್ನ? ನನಗೇನು ಗೊತ್ತು ಹೇಳೋಕೆ?"

ಅರೀಜ್ ಡಬ್ಬ ಮುಚ್ಚಿ, ಮೊಬೈಲ್ ಹಿಡಿದು ಅಡುಗೆಮನೆಗೆ ಹೋದಳು. ಒಳಗಿಂದ ಅವಳ ಪಿಸುಮಾತು ಬಹಳ ಹೊತ್ತು ಕೇಳಿಸುತ್ತಿತ್ತು. ಹಸ್ನಿಯಾ ನಕ್ಷೆಯ ಟ್ರಾಮ್ ಗೆರೆಯ ಮೇಲೆ ಬೆರಳಾಡಿಸುತ್ತ ಕೂತಳು. ಸೊಸೆ ಹೊರಬಂದು ಮೊಬೈಲನ್ನು ಅವಳ ಕೈಗಿತ್ತಾಗ ಪರದೆಯಲ್ಲಿ ಹನಾದಿ ಇದ್ದಳು. ಮುಖ ಸ್ವಲ್ಪ ಊದಿಕೊಂಡಿತ್ತು, ಬಣ್ಣ ಬಂದಿತ್ತು.

"ಬಸ್ಸು ಹತ್ತಿ ಹೋಗಿ ಬೀಸಿಸ್ಕೊಂಡು ಬಂದ್ಯಂತೆ?"

"ನಿಮ್ಮತ್ತಿಗೆಗೆ ಆ ಅಂಗಡಿ ಚೀಲ ನೋಡೇ ಗೊತ್ತಾಗಿದೆ. ನಾನು ಯಾರಿಗೂ ಹೇಳಿಲ್ಲ. ಉಮ್ ನಿದಾಲ್‌ಗೂ ಹೇಳಿಲ್ಲ."

"ಉಮ್ ನಿದಾಲ್‌ಗೂ?" ಹನಾದಿ ನಕ್ಕಳು, ಆಮೇಲೆ ನಗು ನಿಂತಿತು. "ಬೇಜಾರಾಯ್ತಾ ಅಮ್ಮ?"

"ಆಯ್ತು," ಎಂದಳು ಹಸ್ನಿಯಾ. "ತುಂಬಾ ಆಯ್ತು. ಇರ್ಲಿ ಬಿಡು."

"ಅತ್ತಿಗೆ ಮಕ್ಕಳ ಸ್ಕೂಲು ಶುರುವಾಗೋ ಮುಂಚೆ ಹೊರಟುಬಿಡ್ತಾಳೆ. ಆಮೇಲೆ ನನ್ನ ಹತ್ರ ಯಾರೂ ಇರಲ್ಲ. ಉಮ್ರಾ ಯಾತ್ರೆಗೆ ಹೋಗೋವಾಗ ಪಾಸ್‌ಪೋರ್ಟ್ ಮಾಡಿಸಿದ್ಯಲ್ಲ, ಅದು ಇನ್ನೂ ಇದೆಯಾ?"

ಹಸ್ನಿಯಾ ತಿರುಗಿ ಮಗನನ್ನು ನೋಡಿದಳು. "ಇದೆ ಇದೆ, ನನ್ನ ಹತ್ರಾನೇ ಇದೆ," ಎಂದ ಗಸ್ಸಾನ್ ಅವಳ ಹೆಗಲ ಮೇಲಿಂದ.

"ಇರು ಅಮ್ಮ, ತೋರಿಸ್ತೀನಿ," ಎಂದು ಹನಾದಿ ಎದ್ದು ನಿಂತು ಮೊಬೈಲನ್ನು ಹೊಟ್ಟೆಯತ್ತ ಇಳಿಸಿದಳು.

ಹಸ್ನಿಯಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಕರಮ್ ಬಂದು ಅಜ್ಜಿಯ ಮೊಣಕೈ ಹಿಡಿದುಕೊಂಡು ನಿಂತ.

"ಅಮ್ಮ, ಯಾಕೆ ಕಣ್ಣು ಮುಚ್ಕೊಂಡೆ?"

"ಬೇಡ ಮಗಳೆ. ಆಮೇಲೆ ನೋಡ್ತೀನಿ. ಹುಟ್ಟಲಿ, ಆಮೇಲೆ."

"ನಾನು ಹೆದರಿದ್ದು ಫೋನುಗಳಿಗೆ ಅಮ್ಮ, ನಿನ್ನ ಕಣ್ಣಿಗಲ್ಲ," ಎಂದಳು ಹನಾದಿ. "ಡಾಕ್ಟರು ಪಾಪು ಕಣ್ಣು ಹೇಗಿದೆ ಅಂತ ಹೇಳಲ್ಲ. ನಿನ್ನ ಕಣ್ಣೇ ಬರಲಿ ಅಂತ ದಿನಾ ಕೇಳ್ಕೋತೀನಿ. ನೋಡು."

ಹಸ್ನಿಯಾಳ ತುಟಿ ಮಾತ್ರ ಅಲುಗಿತು. ಮಾಷಾಅಲ್ಲಾ, ಮಾಷಾಅಲ್ಲಾ ಎಂದು ಕರಮ್‌ನ ಕಿವಿಗೆ ಬಿದ್ದಿತು. ಆಮೇಲೆ ಅವಳು ಎರಡೂ ನೀಲಿ ಕಣ್ಣುಗಳನ್ನು ಅರಳಿಸಿ ನೋಡಿದಳು.