ಹಾಡಿನ ಮರೆ

ಆ ಚರ್ಚಿನ ಹಳೆಯ ಗುರುಗಳಿಗೆ ಕಿವಿ ಮಂದ. ಪಾಪನಿವೇದನೆಯ ಗೂಡಿನಲ್ಲಿ ಕೂತು, ಜಾಲರಿಗೆ ಕಿವಿ ಒತ್ತಿ, "ದೇವರಿಗೆ ಕೇಳಿಸ್ತಮ್ಮಾ, ನನಗೇ ಕೇಳಿಸ್ಲಿಲ್ಲ. ಗಟ್ಟಿಯಾಗಿ ಹೇಳು!" ಎಂದು ಕೂಗಿದರೆ ಗೋಪುರದ ಪಾರಿವಾಳಗಳು ಹಾರಿಹೋಗುತ್ತಿದ್ದವು. ಪಾಪ ಹೇಳುವವರೂ ಗಂಟಲು ಹರಿಯುವಂತೆ ಹೇಳಬೇಕು. ಊರಿಗೆಲ್ಲ ಡಂಗುರ ಸಾರಿದ ಹಾಗೆಯೇ ಸರಿ. ಅದಕ್ಕೆ ಜನ ತಾವೇ ಒಂದು ಉಪಾಯ ಹುಡುಕಿಕೊಂಡಿದ್ದರು. ಒಬ್ಬರು ಗೂಡಿನಲ್ಲಿ ಮಂಡಿಯೂರಿದ ಕೂಡಲೇ, ಸಾಲಿನಲ್ಲಿ ಕಾದವರೆಲ್ಲ ಒಕ್ಕೊರಲಿನಿಂದ ಮಾತೆಯ ಹಾಡು ಹಾಡುವುದು. ಒಳಗಿನವರ ಮಾನ ಹೊರಗಿನವರ ಕೊರಳಲ್ಲಿ. ಹಾಲಿನವನ ಸರದಿ ಬಂದಾಗ ಮಾತ್ರ ಹೆಂಗಸರ ದನಿ ತಾನಾಗಿ ತಗ್ಗುತ್ತಿತ್ತು. ಎಷ್ಟು ನೀರು ಬೆರೆಸುತ್ತಾನೆಂದು ತಿಳಿಯುವ ಆಸೆ ಯಾರಿಗಿರುವುದಿಲ್ಲ!

ಬಟ್ಟೆ ಹೊಲಿದು ಬದುಕುವ ತಂಗಿಗೆ ಆ ದಿನಗಳೆಂದರೆ ಈಗಲೂ ಜೀವ. ಆಗೆಲ್ಲ ಹಾಡು ಎತ್ತುತ್ತಿದ್ದವಳು ಅವಳ ಅಕ್ಕ. ಸಕ್ಕರೆ ಡಬ್ಬಿಗೆ ಕೈಹಾಕಿದ್ದು, ಅಮ್ಮನಿಗೆ ಎದುರಾಡಿದ್ದು, ಎಲ್ಲವನ್ನೂ ಅಕ್ಕನ ಕೊರಳೇ ಮುಚ್ಚಿಹಾಕಿತ್ತು. ಹೊರಗೆ ಬಂದರೆ ಮೈಯೆಲ್ಲ ಹಗುರ. ಇಬ್ಬರೂ ಕೈಕೈ ಹಿಡಿದು ಮೆಟ್ಟಿಲು ಹಾರುತ್ತಾ ಮನೆಗೆ ಓಡುತ್ತಿದ್ದರು. ಅಂಥ ಹಗುರ ಆಮೇಲೆ ಅವಳಿಗೆ ಸಿಗಲೇ ಇಲ್ಲ.

ಅಮ್ಮ ಸಾಯುವ ದಿನ "ದೊಡ್ಡವಳನ್ನ ಕರೆಸೇ" ಎಂದಿದ್ದಳು. ವರ್ಷಗಟ್ಟಲೆ ಹೇಲುಉಚ್ಚೆ ಬಳಿದವಳು ತಾನು, ಕೊನೆಗೆ ಬೇಕಾದವಳು ಪರವೂರಿನಲ್ಲಿ ಸಂಸಾರ ಹೂಡಿದ ಅಕ್ಕ! ಹೊಟ್ಟೆಗೆ ಬೆಂಕಿ ಬಿದ್ದಂತಾಗಿ ಅವಳು ಫೋನು ಮುಟ್ಟಲಿಲ್ಲ. ಮಣ್ಣಿಗೆ ಬಂದ ಅಕ್ಕ "ಅಮ್ಮ ನನ್ನ ಕೇಳಿದ್ಲಾ?" ಎಂದಾಗ, "ಇಲ್ಲ, ನಿದ್ದೆಯಲ್ಲೇ ಹೋದ್ಲು" ಎಂದುಬಿಟ್ಟಳು. ಅಂದಿನಿಂದ ಅಕ್ಕನ ಮುಖ ನೋಡಲಾಗದೆ ದೂರವಾದಳು. ಅಕ್ಕನೂ ಬರುವುದು ಬಿಟ್ಟಳು.

ನಾಳೆ ಅಮ್ಮನ ಹೆಸರಿನಲ್ಲಿ ಚರ್ಚಿನಲ್ಲಿ ಪೂಜೆ. ಹೇಗೋ ಅಕ್ಕ ಬಂದಿದ್ದಾಳೆ. ಅವಳ ಪಕ್ಕದಲ್ಲಿ ನಿಂತು, ಸುಳ್ಳು ಹೇಳಿದ ನಾಲಿಗೆಯ ಮೇಲೆಯೇ ಪರಮಪ್ರಸಾದ ಪಡೆಯುವುದು ಹೇಗೆ? ಅಕ್ಕನಿಗೆ ನಿಜ ಹೇಳಿದರೆ ಈ ಸಲ ಅವಳು ಪೂರ್ತಿ ಕೈತಪ್ಪುತ್ತಾಳೆ. ದೇವರಿಗಾದರೂ ಹೇಳಿಬಿಡೋಣ ಎಂದು ಸಂಜೆ ಚರ್ಚಿಗೆ ಹೊರಟಳು. "ನಾನೂ ಬರ್ತೀನಿ ಕಣೇ" ಎಂದು ಅಕ್ಕ ಹಿಂದೆಯೇ ಬಂದು ಸಾಲಿನ ಬೆಂಚಿನಲ್ಲಿ ಕೂತಳು. ಈಗಿನ ಗುರುಗಳು ಎಳೆಯರು, ಕಿವಿ ಚುರುಕು. ಪಿಸುಗುಟ್ಟಿದರೆ ಸಾಕು ಎಂದು ತಂಗಿ ಧೈರ್ಯ ತಂದುಕೊಂಡಳು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಲಿತ ಗುಣವೂ ಅಷ್ಟೇ. ಗೂಡಿನ ಹಳೆಯ ಮರದ ವಾಸನೆ ಮೂಗಿಗೆ ಬಡಿದದ್ದೇ ತಡ, ಅವಳ ಗಂಟಲಿಗೆ ಹಳೆಯ ಗುರುಗಳೇ ನೆನಪಾದರು.

"ಫಾದರ್, ನಮ್ಮಮ್ಮ ಸಾಯೋವಾಗ ಅಕ್ಕನ್ನ ಕರೆಸು ಅಂದ್ಲು!"

"ಮೆಲ್ಲಗಮ್ಮಾ, ಮೆಲ್ಲಗೆ," ಗುರುಗಳು ಬೆಚ್ಚಿದರು.

ಮುಗಿಯಿತು, ಇನ್ನು ಅಕ್ಕ ತನಗಿಲ್ಲ.

ಅಷ್ಟರಲ್ಲಿ ಹೊರಗೆ ಹಾಡು ಎದ್ದಿತು. ಅದೇ ಮಾತೆಯ ಹಾಡು, ಅದೇ ಕೊರಳು, ತುಸು ಒಡೆದಿತ್ತು. ಹಳಬರು ಒಬ್ಬೊಬ್ಬರಾಗಿ ದನಿಗೂಡಿಸಿದರು. ಆ ಹಾಡಿನ ಮರೆಯಲ್ಲಿ ಅವಳು ಹೊಟ್ಟೆಕಿಚ್ಚನ್ನೂ ಸುಳ್ಳನ್ನೂ ಅಳುತ್ತಲೇ ಹೇಳಿ ಮುಗಿಸಿದಳು. ಕ್ಷಮೆ ಸಿಕ್ಕಿತು. ಹೊರಗೆ ಕಾಲಿಡಲು ಮಾತ್ರ ಭಯವಾಯಿತು.

ಅಕ್ಕ ಸಾಲು ಬಿಟ್ಟು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು.

"ಎಷ್ಟು ಕೇಳಿಸ್ತಕ್ಕಾ?"

"ಒಂದೇ ಮಾತು. ಮಿಕ್ಕಿದ್ದು ನನಗೆ ಬೇಡ, ಅದಕ್ಕೇ ಹಾಡಿದ್ದು."

"ಅಕ್ಕಾ, ನಾನು..."

"ಸುಮ್ನಿರೇ. ಸಿಟ್ಟು ಬಂದಿಲ್ಲ ಅಂದ್ಕೋಬೇಡ. ನಾಳೆ ಪೂಜೆ ಮುಗೀಲಿ, ಚೆನ್ನಾಗಿ ಬೈತೀನಿ." ಅಕ್ಕ ಅಂಗೈಯಿಂದ ಕಣ್ಣೊರೆಸಿಕೊಂಡಳು. "ಇಷ್ಟು ವರ್ಷ ಅಮ್ಮನಿಗೆ ನಾನು ಬೇಡವಾಗಿದ್ದೆ ಅಂದ್ಕೊಂಡಿದ್ನಲ್ಲೇ. ಇನ್ನೊಂದ್ಸಲ ಹೇಳು, ಹೇಗೆ ಕೇಳಿದ್ಲು?"

ತಂಗಿ ಅವಳ ಪಕ್ಕದಲ್ಲಿ ಕೂತು, ಅಮ್ಮ ಅಂದಂತೆಯೇ ಅಂದಳು:

"ದೊಡ್ಡವಳನ್ನ ಕರೆಸೇ."