ಎಂಬತ್ತು ಹೆಜ್ಜೆ ದೂರದ ಆಸ್ಟಿನ್

"ಬಿಡು, ಕೈ ಬಿಡು ಅಂದೆ," ಎಂದ ಬೀರಪ್ಪ. ಗಂಗಿ ಬಿಡಲಿಲ್ಲ. ನೀರೆತ್ತುತ್ತಿದ್ದ ಕೊಡಪಾನವನ್ನು ಬಾವಿಕಟ್ಟೆಯ ಮೇಲೆ ಕುಕ್ಕಿ ಓಡಿ ಬಂದವಳು ಗಂಡನ ಎಡತೋಳನ್ನು ಹಿಡಿದೇ ನಿಂತಳು. ಜಗಲಿಯಿಂದ ತುಳಸಿಕಟ್ಟೆಗೆ ಇಪ್ಪತ್ತು ಹೆಜ್ಜೆ, ಅಲ್ಲಿಂದ ಬಾವಿಗೆ ಇನ್ನೊಂದು ಇಪ್ಪತ್ತೈದು. ಎಡಮಗ್ಗುಲಿಗೆ ಲಕ್ವ ಹೊಡೆದ ಮೇಲೆ ಐದು ವರ್ಷ ಜಗಲಿಯ ಮಂಚವನ್ನೇ ಊರು ಮಾಡಿಕೊಂಡಿದ್ದ ಮನುಷ್ಯ ಈ ಬೆಳಿಗ್ಗೆ ಯಾರನ್ನೂ ಕರೆಯದೆ, ಕೋಲೂರಿಕೊಂಡು, ಬಾವಿಯವರೆಗೆ ಬಂದುಬಿಟ್ಟಿದ್ದ.

"ಇನ್ನು ಎಷ್ಟು ದೂರ ಅದೆ?"

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ ಎಂತ? ಶೆಡ್ಡಿಗೆ."

ಗಂಗಿ ಹಿತ್ತಲ ಕಡೆ ನೋಡಿದಳು. ಬಾವಿಯ ಆಚೆ, ತೆಂಗಿನ ಮಡಲಿನ ಬೇಲಿಯ ಹಿಂದೆ ಶೆಡ್ಡು. ಅದರೊಳಗೆ ನೀಲಿ ತಾಡಪಾಲು ಹೊದ್ದುಕೊಂಡು ನಿಂತ ಆಸ್ಟಿನ್ ಕಾರು. ಇಲ್ಲಿಂದ ಮೂವತ್ತೈದು ಹೆಜ್ಜೆ. ಈ ಲೆಕ್ಕ ಅವಳು ನಿನ್ನೆಯೇ ಮಾಡಿಟ್ಟಿದ್ದಳು.

"ಇವತ್ತಿಗೆ ಇಷ್ಟು ಆತು. ಕೂತ್ಕಣಿ," ಎಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವನನ್ನು ಕೂರಿಸಿದಳು. ಗಂಡ ನಡೆದನೆಂದು ದೇವರಿಗೆ ಕಾಯಿ ಒಡೆಸಬೇಕಾದ ಹೊತ್ತು. ಅವಳೋ ಶೆಡ್ಡು ಕಾಣದ ಹಾಗೆ ಅವನಿಗೆ ಅಡ್ಡ ನಿಂತಳು.

ಇದಕ್ಕೆಲ್ಲ ಮೂಲ ವೆಂಕಟ, ಬೀರಪ್ಪನ ತಂಗಿಯ ಮಗ. ಕುಮಟೆಯಲ್ಲಿ ಆಟೊ ಓಡಿಸುವ ಅವನು ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಬಾಡ ಊರಿನ ಈ ಮನೆಗೆ ಬಂದು, ಚಪ್ಪಲಿ ಕಳಚುವ ಮೊದಲೇ ಮೊಬೈಲು ಮುಂದೆ ಹಿಡಿದಿದ್ದ.

"ಮಾವ, ನಿಮ್ಮ ಆಸ್ಟಿನ್ ಕಂಪನಿ ಮತ್ತೆ ಶುರು ಆಗ್ತದಂತೆ. ಇಂಗ್ಲೆಂಡಲ್ಲಿ ಯಾವಾಗ್ಲೋ ಬಾಗ್ಲು ಹಾಕಿದ್ದು, ಈಗ ತಿರುಗಿ ತೆಗೀತ್ರಂತೆ. ನಮ್ಮ ದೇಶಕ್ಕೂ ಬತ್ತದಂತೆ."

ಸುದ್ದಿ ಇದ್ದದ್ದು ಇಷ್ಟೇ, ಅದೂ ಅಂತೆ ಕಂತೆ. ಆದರೆ ಮಾತಿಗೆ ಕಾಲು ಬಂದರೆ ಕೇಳಬೇಕೆ! ವಾರ ಕಳೆಯುವುದರೊಳಗೆ ಕಂಪನಿಯವರು ಗೋವೆಗೆ ಬಂದಿಳಿದಿದ್ದರು. ಇನ್ನೊಂದು ವಾರಕ್ಕೆ ಭಟ್ಕಳದಲ್ಲಿ ಯಾರದೋ ಮನೆಯ ಹಳೆಯ ಗಾಡಿಯನ್ನು ನೋಡಿ, ಫೋಟೊ ಹೊಡೆದುಕೊಂಡು ಹೋಗಿದ್ದರು. ಭಟ್ಕಳದ ಪಕ್ಕದ ಹೆಬಳೆಯಲ್ಲಿ ಕೇಳಿದವರು ಹೊನ್ನಾವರದಲ್ಲಿ ಹೇಳಿದರು, ಹೊನ್ನಾವರದವರು ಕುಮಟೆಯ ಮೀನುಪೇಟೆಗೆ ತಂದು ಸುರಿದರು. ಎಲ್ಲಿ ಒಳ್ಳೆಯ ಸ್ಥಿತಿಯಲ್ಲಿ ಹಳೆಯ ಆಸ್ಟಿನ್ ಇದೆಯೋ ಅದನ್ನು ಒಯ್ದು ಹೊಸ ಶೋರೂಮಿನ ಬಾಗಿಲಲ್ಲಿ ನಿಲ್ಲಿಸುತ್ತಾರಂತೆ, ಅದನ್ನು ಓಡಿಸಿದವನ ಹೆಸರನ್ನೂ ಬರೆಯುತ್ತಾರಂತೆ. ಈ ಕೊನೆಯ ಮಾತು ಯಾರ ಬಾಯಿಯಲ್ಲಿ ಹುಟ್ಟಿತೋ, ಬೀರಪ್ಪನ ಕಿವಿಗೆ ಮಾತ್ರ ನೆಟ್ಟಗೆ ಬಂದು ಬಿತ್ತು.

ಮರುದಿನ ಬೆಳಿಗ್ಗೆ ಅವನು, "ಗಂಗಿ, ನನ್ನ ಸ್ವಲ್ಪ ಎಬ್ಬಿಸು," ಎಂದ.

ಐದು ವರ್ಷದಿಂದ ಆಸ್ಪತ್ರೆಯ ಡಾಕ್ಟರು ಹೇಳುತ್ತ ಬಂದಿದ್ದರು, ನಡೆಯಬೇಕು, ದಿನಾ ನಡೆಯಬೇಕು, ಇಲ್ಲವಾದರೆ ಕಾಲು ಸೆಟೆದು ಹೋಗುತ್ತದೆ ಎಂದು. ಹೊನ್ನಾವರಕ್ಕೆ ಕೊಟ್ಟ ಮಗಳು ಪ್ರಣಿತಾ ತಿಂಗಳಿಗೊಮ್ಮೆ ಬಂದು ಅತ್ತು ಕರೆದು ಹೇಳಿದ್ದಳು. ಗಂಗಿ ಬೈದು, ಕಾಲು ಹಿಡಿದು, ದೇವರ ಮೇಲೆ ಆಣೆ ಹಾಕಿ ಹೇಳಿದ್ದಳು. ಎಲ್ಲರಿಗೂ ಅವನದು ಒಂದೇ ಉತ್ತರ: "ನಡ್ದು ಎಲ್ಲಿಗೆ ಹೋಗೂಕೆ ಅದೆ?" ಅವನನ್ನು ಹೊರಳಿಸಿ, ಒರೆಸಿ, ಉಣಿಸಿ, ಆಮೇಲೆ ಬುಟ್ಟಿ ಹೊತ್ತುಕೊಂಡು ಕುಮಟೆಗೆ ಹೋಗಿ ಒಣಮೀನು ಮಾರಿ, ಮತ್ತೆ ಬಂದು ಅವನನ್ನು ಹೊರಳಿಸುವ ಗಂಗಿಗೆ ಆ ಪ್ರಶ್ನೆಗೆ ಉತ್ತರ ಹುಡುಕಲು ಪುರಸೊತ್ತಾದರೂ ಎಲ್ಲಿ? ಅವಳಿಗೆ ಬೇಕಿದ್ದದ್ದು ಮಧ್ಯಾಹ್ನದ ಒಂದು ಗಳಿಗೆ ನಿದ್ದೆ. ಈಗ ನೋಡಿದರೆ, ಹೋಗಲು ಒಂದು ಜಾಗವಿದೆ ಎಂದು ಗಂಡ ತಾನಾಗಿಯೇ ಎದ್ದಿದ್ದ. ಅದು ಜಗತ್ತಿನಲ್ಲಿ ಎಲ್ಲಿಗೆ ಬೇಕಾದರೂ ಆಗಬಹುದಿತ್ತು, ಆ ಶೆಡ್ಡೊಂದನ್ನು ಬಿಟ್ಟು.

ಆ ಕಾರು ಕುಮಟೆಯ ಮಹಾಗಣಪತಿ ಡಾಕ್ಟರದ್ದು. ಕೇರಿಯ ಗಂಡಸರೆಲ್ಲ ದೋಣಿ ಹತ್ತಿದರೆ ಬೀರಪ್ಪನೊಬ್ಬ ಸ್ಟೇರಿಂಗ್ ಹಿಡಿದಿದ್ದ. ಇಪ್ಪತ್ತನಾಲ್ಕು ವರ್ಷ ಡಾಕ್ಟರನ್ನು ಮಿರ್ಜಾನ, ಹೊನ್ನಾವರ ಎಂದು ರೋಗಿಗಳ ಮನೆಮನೆಗೆ ಒಯ್ದ. ಕಣ್ಣು ಮುಚ್ಚುವ ಮೊದಲು ಡಾಕ್ಟರು, "ಬೀರಾ, ಗಾಡಿ ನೀನೇ ಇಟ್ಕೊ," ಎಂದು ಕಾಗದಪತ್ರ ಮಾಡಿಕೊಟ್ಟರು. ಆಮೇಲೆ ಭಟ್ಕಳದಿಂದ ಕುಮಟೆಯವರೆಗೆ ಎಷ್ಟು ಮದುಮಕ್ಕಳು ಅದರಲ್ಲಿ ಕೂತರೋ! ಎಂಜಿನ್ನು ಕೈಕೊಟ್ಟು ಗಾಡಿ ಶೆಡ್ಡು ಸೇರಿದ ಮೇಲೂ ಬೀರಪ್ಪ ದಿನಾ ಅದನ್ನು ಒರೆಸುತ್ತಿದ್ದ. ಅವನ ದೊಡ್ಡಸ್ತಿಕೆಯ ಮಾತು ಒಂದೇ: "ಮೀನಿನ ಕೇರಿಲಿ ನಿಂತ ಗಾಡಿ, ಒಳಗೆ ಮೂಗಿಟ್ಟು ನೋಡಿ, ಮೀನಿನ ವಾಸ್ನೆ ಬತ್ತದ ಅಂದೇಳಿ."

ಬರುತ್ತಿರಲಿಲ್ಲ, ನಿಜ. ಯಾಕೆಂದರೆ ಗಂಗಿಯನ್ನು ಅವನು ಅದರಲ್ಲಿ ಕೂರಿಸಿರಲೇ ಇಲ್ಲ. ಒಂದು ಸಲ ವೈಶಾಖದ ಉರಿಬಿಸಿಲಿನಲ್ಲಿ, ಪ್ರಣಿತಾ ಆಗ ಹೊಟ್ಟೆಯಲ್ಲಿ ಆರು ತಿಂಗಳು, ಗಂಗಿ ಬುಟ್ಟಿ ಹೊತ್ತು ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಖಾಲಿ ಕಾರು ಬಂದು ನಿಂತಿತ್ತು. ಬೀರಪ್ಪ ತಲೆ ಹೊರಗೆ ಹಾಕಿ, "ಬುಟ್ಟಿ ಬಸ್ಸಿಗೆ ಹಾಕು, ನೀ ಬೇಕಾರೆ ಬಾ. ಸೆರಗು ಸೀಟಿಗೆ ತಾಗಿಸ್ಬೇಡ," ಎಂದಿದ್ದ. ಗಂಗಿ ಬುಟ್ಟಿಯ ಜೊತೆಯೇ ಬಸ್ಸಿನಲ್ಲಿ ಹೋದಳು. ಆ ದಿನದ ಮಾತನ್ನು ಅವಳು ಯಾರ ಮುಂದೆಯೂ ಆಡಲಿಲ್ಲ, ಮರೆಯಲೂ ಇಲ್ಲ.

ಬೀರಪ್ಪ ಮಲಗಿದ ವರ್ಷದ ಮಳೆಗಾಲ ಮನೆಯ ಮಾಡು ಸೋರತೊಡಗಿತು. ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿಟ್ಟ ಬಂಗಡೆ, ಸೆಟ್ಲಿ ಎಂಬ ಸಣ್ಣ ಸಿಗಡಿ, ಎಲ್ಲವೂ ತಣಸು ಹಿಡಿದು ಹುಳ ಬೀಳುವುದರಲ್ಲಿತ್ತು. ಅದು ಕೆಟ್ಟರೆ ಮಳೆಗಾಲವಿಡೀ ಒಲೆ ಉರಿಯುವುದಿಲ್ಲ, ಗಂಡನ ಗುಳಿಗೆಯೂ ಇಲ್ಲ. ಇಡೀ ಹಿತ್ತಲಲ್ಲಿ ನೀರು ತಾಗದ ಜಾಗ ಒಂದೇ. ಗಂಗಿ ತಾಡಪಾಲು ಸರಿಸಿ, ಬಾಗಿಲು ತೆಗೆದು, ಡಾಕ್ಟರು ಕೂರುತ್ತಿದ್ದ ಹಿಂದಿನ ಸೀಟಿನ ಮೇಲೆ ಬಂಗಡೆಯ ಚೀಲ ಇಟ್ಟಳು. ನಿಜ ಹೇಳಬೇಕೆಂದರೆ ಅವಳಿಗೆ ಆಗ ಪಾಪ ಅನಿಸಲಿಲ್ಲ, ಸುಖ ಅನಿಸಿತು. ಗಾಜು ಏರಿಸಿ ಬಾಗಿಲು ಹಾಕಿದರೆ ಗಾಳಿಯೂ ನುಗ್ಗದು, ಇರುವೆಯೂ ನುಗ್ಗದು. ಮಾರನೆಯ ಮಳೆಗಾಲಕ್ಕೆ ಸೀಟು, ನೆಲ, ಡಿಕ್ಕಿ, ಎಲ್ಲ ಕಡೆಯೂ ಚೀಲಗಳಾದವು.

ಗಂಡ ತುಳಸಿಕಟ್ಟೆ ಮುಟ್ಟಿದ ದಿನ ಅವಳು ಹೆದರಿ, ಉಳಿದ ಚೀಲಗಳನ್ನು ಹೊರಗೆಳೆದು ಕಾರು ತೊಳೆಯಲು ಹೋಗಿದ್ದಳು. ಐದು ಮಳೆಗಾಲದ ಉಪ್ಪು ತನ್ನ ಕೆಲಸ ಮುಗಿಸಿತ್ತು. ಪೊರಕೆ ತಾಗಿದಲ್ಲಿ ನೆಲದ ತಗಡು ನೆನೆದ ಹಪ್ಪಳದ ಹಾಗೆ ಕಳಚಿ ಬಂತು. ಕೆಳಗೆ ಮರಳು ಕಂಡಿತು. ಮುರಿದ ದೋಣಿಯದೊಂದು ಹಲಗೆ ತಂದು ತೂತಿಗೆ ಮುಚ್ಚಿ, ಮೇಲೆ ಚಾಪೆ ಹಾಸಿದಳು. ಧೂಪ ಹಾಕಿದಳು, ನಿಂಬೆಹಣ್ಣು ಕೊಯ್ದಿಟ್ಟಳು. ಆಮೇಲೆ ಒಳಗೆ ಮೂಗಿಟ್ಟರೆ ನಿಂಬೆಹಣ್ಣು ಹಿಂಡಿದ ಬಂಗಡೆಯ ವಾಸನೆ ಬಂತು. ಶೆಡ್ಡಿನ ಕಂಬಕ್ಕೆ ಒರಗಿ ಕೂತು, ಅಳಲೂ ಆಗದೆ, ಅವಳು ಹಾಗೇ ನಿದ್ದೆ ಹೋಗಿಬಿಟ್ಟಳು.

ಬೀರಪ್ಪ ಬಾವಿ ಮುಟ್ಟಿದ ಮೂರನೆಯ ದಿನ ವೆಂಕಟ ಮೀನುಪೇಟೆಯಲ್ಲಿ ಅವಳ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. ಮುಖ ಸಣ್ಣದಾಗಿತ್ತು.

"ಅತ್ತೆ, ಅದು ಆಸ್ಟಿನ್ ಸುದ್ದಿ... ಬರೀ ಬಂಡಲ್ ಅಂತೆ. ಯಾರೋ ಬರೆದ್ರು, ಉಳಿದವ್ರು ಅದನ್ನೇ ಕಳ್ಸಿದ್ರು. ಗೋವೆಗೆ ಯಾರೂ ಬರ್ಲಿಲ್ಲ, ಭಟ್ಕಳಕ್ಕೂ ಬರ್ಲಿಲ್ಲ. ನಾ ಎಲ್ಲಾ ಕಡೆ ಕೇಳ್ದೆ."

ಗಂಗಿ ಗಿರಾಕಿಯೊಬ್ಬಳಿಗೆ ಸೆಟ್ಲಿ ಅಳೆದು ಹಾಕಿ, ಅವಳನ್ನು ಕಳಿಸಿ ಈ ಕಡೆ ತಿರುಗಿದಳು. "ಮಾವಂಗೆ ಹೇಳಿದ್ಯನಾ?"

"ಇಲ್ಲ. ಇವತ್ತು ಸಂಜಿಗೆ ಬಂದು ಹೇಳ್ವ ಅಂತ..."

"ನಿನ್ನ ಕಾಲಿಗೆ ಬೀಳ್ತೆ ಮಾರಾಯಾ. ನೀ ಬರೂದೂ ಬೇಡ, ಹೇಳೂದೂ ಬೇಡ."

"ನಾಳೆ ಯಾರಾದ್ರೂ ಹೇಳ್ತ್ರಲ್ಲ ಅತ್ತೆ?"

"ಹೇಳೂವರೆಗಾದ್ರೂ ನಡೀಲಿ," ಎಂದಳು ಗಂಗಿ.

ಭಾನುವಾರ ಇಳಿಹೊತ್ತಿಗೆ ಬೀರಪ್ಪ ಪೆಟ್ಟಿಗೆಯಿಂದ ಬಿಳಿ ಅಂಗಿ ತೆಗೆಸಿದ. ಬಲಗೈ ಒಂದರಲ್ಲೇ ಗುಂಡಿ ಹಾಕಿಕೊಂಡ, ಹೆಂಡತಿಗೆ ಮುಟ್ಟಗೊಡಲಿಲ್ಲ. "ಇವತ್ತು ಬೇಡ, ಮೋಡ ಆಗಿದೆ," ಎಂದಳು ಅವಳು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ತುಳಸಿಕಟ್ಟೆಯ ಹತ್ತಿರ ಒಮ್ಮೆ ಉಸಿರು ತೆಗೆದುಕೊಂಡ. ಬಾವಿಯ ಹತ್ತಿರ ನಿಲ್ಲಲೇ ಇಲ್ಲ. ಎಡಗಾಲು ಮರಳಿನಲ್ಲಿ ಉದ್ದಕ್ಕೆ ಗೆರೆ ಎಳೆಯುತ್ತ ಬಂತು. ಹಿಂದೆ ಬರುತ್ತಿದ್ದ ಗಂಗಿಗೆ ಒಂದೊಂದು ಹೆಜ್ಜೆಗೂ ಬೀಳದಿರಲಿ ಎಂದೂ ಅನಿಸುತ್ತಿತ್ತು, ಇಲ್ಲೇ ದಣಿದು ಕೂತುಬಿಡಲಿ ಎಂದೂ ಅನಿಸುತ್ತಿತ್ತು.

ಎಂಬತ್ತನೆಯ ಹೆಜ್ಜೆಗೆ ಶೆಡ್ಡು ಬಂತು. ಅವಳು ತಾಡಪಾಲು ಎಳೆದಳು. ಮುಂದಿನಿಂದ ನೋಡಿದರೆ ಗಾಡಿಗೆ ಎಂತದ್ದೂ ಆಗಿರಲಿಲ್ಲ. ಕಪ್ಪು ಬಣ್ಣ, ದುಂಡು ದೀಪಗಳು, ಮೂತಿಯ ಮೇಲಿನ ಹೆಸರು, ಎಲ್ಲ ಇದ್ದವು. ಬೀರಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಒಮ್ಮೆ ಸವರಿದ. "ಬರ್ಲಿ ಅವ್ರು," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ಬಾಗಿಲು ತೆಗೆದ.

ವಾಸನೆ ಅವನಿಗಿಂತ ಮೊದಲು ಹೊರಗೆ ಬಂತು.

"ಎಂತ ಇದು?"

ಅವನು ಕೋಲಿನಿಂದ ಚಾಪೆ ಸರಿಸಿದ, ಹಲಗೆ ತಳ್ಳಿದ. ಕೋಲು ನೆಲದೊಳಗೆ ಇಳಿದು ಮರಳಿಗೆ ತಾಗಿತು. ಆ ತೂತನ್ನು ಬಗ್ಗಿ ನೋಡಿದ.

"ಎಷ್ಟು ವರ್ಷ ಆತು?"

"ಐದು ಮಳೆಗಾಲ," ಎಂದಳು ಗಂಗಿ. ಇನ್ನು ಮುಚ್ಚಿಡುವ ತ್ರಾಣ ಅವಳಲ್ಲಿ ಇರಲಿಲ್ಲ. "ಮನೆ ಸೋರ್ತಿತ್ತು. ನಿಮ್ಮನ್ನ ಒಣಾ ಇಡೂದಾ, ಮೀನನ್ನ ಒಣಾ ಇಡೂದಾ? ಆ ಮೀನು ಮಾರೇ ನಿಮ್ಗೆ ಗುಳಿಗೆ ತಂದೆ."

"ಡಾಕ್ಟರು ಕೂತ ಸೀಟಲ್ಲಿ, ಬಂಗಡೆ!" ಬೀರಪ್ಪನ ಕುತ್ತಿಗೆಯ ನರ ಉಬ್ಬಿತು. ಕೋಲನ್ನು ಎಳೆದು ತೆಗೆದು ಬೇಲಿಯ ಆಚೆ ಬೀಸಿ ಒಗೆದ. "ರಂಡೆ, ನನ್ನ ಮರ್ಯಾದಿ ಉಪ್ಪಿಗೆ ಹಾಕ್ದ್ಯಲ್ಲೇ!" ಎಂದು ಕಿರುಚಿ, ತಿರುಗಿ ಹೊರಟೇಬಿಟ್ಟ. ಕೈಯಲ್ಲಿ ಕೋಲಿಲ್ಲ ಎಂಬುದು ಅವನ ಗಮನಕ್ಕೆ ಬಂದಿರಲಿಲ್ಲ.

ಗಂಗಿಯ ಗಮನಕ್ಕೆ ಬಂತು. ಎರಡೂ ಕೈ ಚಾಚಿಕೊಂಡು, ಮುಟ್ಟದೆ, ಎರಡು ಹೆಜ್ಜೆ ಹಿಂದೆ ನಡೆದಳು. ಬೀರಪ್ಪ ಬೈಯುತ್ತಿದ್ದ. ಅವಳನ್ನು, ಅವಳ ತವರನ್ನು, ಬಂಗಡೆ ಹಿಡಿದ ದೋಣಿಯನ್ನು, ಯಾರನ್ನೂ ಬಿಡಲಿಲ್ಲ. ಲಕ್ವ ಹೊಡೆದಾಗಿನಿಂದ ತೊದಲುತ್ತಿದ್ದ ನಾಲಿಗೆಗೆ ಬೈಗುಳ ಮಾತ್ರ ಸ್ಪಷ್ಟವಾಗಿ ಹೊರಳುತ್ತಿತ್ತು. ಬಾವಿಯ ಹತ್ತಿರ ಬೈಗುಳ ಮುಗಿಯಿತು, ಅದರೊಡನೆ ಕಾಲೂ ತಡವರಿಸಿತು. ಗಂಗಿ ಒಂದು ಕ್ಷಣ ನೋಡಿದಳು.

"ಡಿಕ್ಕಿಲಿ ಸೆಟ್ಲಿನೂ ಇಟ್ಟಿದ್ದೆ," ಎಂದಳು.

"ಸೆಟ್ಲಿ! ಅದನ್ನೂ..." ಬೀರಪ್ಪನ ಎಡಗಾಲು ಸರಕ್ಕನೆ ಮುಂದೆ ಬಂತು. ಹತ್ತು ಹೆಜ್ಜೆ, ಹದಿನೈದು ಹೆಜ್ಜೆ. ತುಳಸಿಕಟ್ಟೆ ಇನ್ನೂ ದೂರವಿದ್ದಾಗ ಮತ್ತೆ ಹೆಗಲು ವಾಲಿತು.

"ಸ್ಟೇರಿಂಗಿಗೆ ಹಗ್ಗ ಕಟ್ಟಿ ತೊರಕೆ ಮೀನು ನೇತು ಹಾಕಿದ್ದೆ."

ಅದೂ ನಿಜವೇ. ಅದು ಅವನನ್ನು ತುಳಸಿಕಟ್ಟೆ ದಾಟಿಸಿತು. ಜಗಲಿಯ ಮೆಟ್ಟಿಲು ನಾಲ್ಕು ಮಾರು ಉಳಿದಿರುವಾಗ ಅವನ ಮೊಣಕಾಲು ನಡುಗತೊಡಗಿತು. ಬಿಳಿ ಅಂಗಿಯ ಬೆನ್ನು ಪೂರ್ತಿ ಒದ್ದೆ. ಗಂಗಿಯ ಹತ್ತಿರ ಹೇಳಲು ಇನ್ನು ಮೀನು ಉಳಿದಿರಲಿಲ್ಲ. ಉಳಿದದ್ದು ಒಂದೇ ನಿಜ, ವೆಂಕಟ ಹೇಳಿಹೋದದ್ದು. ಅದು ನಾಲಿಗೆಯ ತುದಿಗೆ ಬಂತು. ಅದನ್ನು ಆಡಿದರೆ ಈ ಜೀವ ನಾಳೆ ಬೆಳಿಗ್ಗೆ ಮಂಚದಿಂದ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಎಂಜಲಿನ ಜೊತೆ ನುಂಗಿದಳು.

"ನಿಮ್ಮ ಸೀಟಿನ ಮೇಲೆ ಬೆಕ್ಕು ಮರಿ ಹಾಕಿತ್ತು," ಎಂದಳು. ಒಣಮೀನಿನ ಹತ್ತಿರ ಐದು ವರ್ಷದಲ್ಲಿ ಒಂದು ಬೆಕ್ಕನ್ನೂ ಸುಳಿಯಗೊಟ್ಟವಳಲ್ಲ ಅವಳು.

ಬೀರಪ್ಪ ನಿಂತ. ತಿರುಗಲಿಲ್ಲ. "ಎಷ್ಟು?"

"ನಾಲ್ಕು."

"ನಾಲ್ಕು!" ಎಂದು ಅಬ್ಬರಿಸಿ ಅವನು ಎಡಗಾಲನ್ನು ಎತ್ತಿ ಮೆಟ್ಟಿಲಿನ ಮೇಲೆ ಇಟ್ಟ. ಗಂಗಿ ಚಾಚಿದ ಕೈ ಚಾಚಿಕೊಂಡೇ, ಮುಂದಿನ ಸುಳ್ಳಿಗಾಗಿ ತಡಕಾಡುತ್ತ ನಿಂತಿದ್ದಳು.