ಉಳಿದ ಮೂರು ನುಡಿ

ತೀರಿಕೊಂಡ ಅಜ್ಜಿಯ ಬಲಭುಜದ ಮೇಲೆ ಅರೀಬಾ ನೀರು ಹೊಯ್ಯುವಾಗ ತಂಬಿಗೆಯ ಅರ್ಧ ನೀರು ಹಲಗೆಯಿಂದಾಚೆ ಚೆಲ್ಲಿತು. ಚಾಚಿ ತಂಬಿಗೆಯನ್ನು ತಾನೇ ತೆಗೆದುಕೊಂಡಳು. ಪರದೆಯಾಚೆ ಗಂಡಸರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಜುಮ್ಮಾ ನಮಾಜಿನ ನಂತರ ಮಣ್ಣು ಎಂದು ನಿಶ್ಚಯವಾಗಿತ್ತು.

ಅರೀಬಾ ದಾದಿ ಎಂದು ಕರೆಯುತ್ತಿದ್ದ ಅಜ್ಜಿ ಚಾಂದಬೀಗೆ ಎಪ್ಪತ್ತೆಂಟು ವರ್ಷ. ಗಂಡ ಮದಾರಸಾಬ ಹೆಂಚಿನ ಕಾರ್ಖಾನೆಯಲ್ಲಿದ್ದವನು, ಬೇಗ ಹೋಗಿಬಿಟ್ಟ. ಖಾನಾಪುರದ ಇದೇ ಓಣಿಯಲ್ಲಿ ಕೌದಿ ಹೊಲಿಯುತ್ತ ಅವಳು ಮೊದಲು ಮಕ್ಕಳನ್ನು, ಆಮೇಲೆ ತಂದೆತಾಯಿಯಿಲ್ಲದ ಮೊಮ್ಮಗಳು ಅರೀಬಾಳನ್ನು ಬೆಳೆಸಿದಳು. ಓಣಿಯಲ್ಲಿ ಯಾರ ಮದುವೆಯಾದರೂ ಅರಿಷಿಣ ಹಚ್ಚುವಾಗ, ಮಗಳನ್ನು ಕಳಿಸಿಕೊಡುವಾಗ ದಖನಿ ಹಾಡುಗಳಿಗೆ ಅವಳೇ ಬೇಕು.

ಬೆಳಿಗ್ಗೆ ಅಜ್ಜಿಯ ಮಗ, ಚಾಚಾ ಶಾದಾಬ, ಅರೀಬಾಳನ್ನು ಪಕ್ಕಕ್ಕೆ ಕರೆದಿದ್ದ. ಭಾನುವಾರ ನಿನ್ನ ಪ್ರೋಗ್ರಾಮಿನಿಂದ ಬಂದಮೇಲೆ ಅಮ್ಮಿ ಸರಿಯಾಗಿ ಉಂಡಿಲ್ಲ, ಅಲ್ಲಿ ಏನಾಯಿತು ಎಂದು ಕೇಳಿದ. ಏನಿಲ್ಲ ಎಂದಳು ಅರೀಬಾ. ಅದು ಸುಳ್ಳೆಂದು ಅವನಿಗೂ ಗೊತ್ತಾಗಿರಬೇಕು. ಮೊಬೈಲಿನಲ್ಲಿ ನೀನು ಊರಿಗೆಲ್ಲ ಹಂಚಿದ ಆ ಪ್ರೋಗ್ರಾಮಿನ ಹಾಡನ್ನು ಇವತ್ತೇ ತೆಗೆದುಹಾಕು ಎಂದು ಹೇಳಿ ಹೋದ.

* * *

ಅರೀಬಾ ಬೆಳಗಾವಿಯ ಕ್ಯಾಂಪ್ ಭಾಗದ ಶಾಲೆಯೊಂದರಲ್ಲಿ ಟೀಚರ್. ಎರಡು ವರ್ಷದಿಂದ ಗೆಳೆಯ ಗೌರೀಶನ ಗಿಟಾರ್ ಜೊತೆ ಅಜ್ಜಿಯ ಹಾಡುಗಳನ್ನು ವೇದಿಕೆಯ ಮೇಲೆ ಹಾಡುತ್ತಿದ್ದಳು. ಭಾನುವಾರ ಮೊದಲ ಸಲ ಅಜ್ಜಿ ಕೇಳಲು ಬಂದಳು. ಪಕ್ಕದ ಮನೆಯ ಸಿದ್ದಕ್ಕನನ್ನೂ ಕರೆದುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು.

ಮಗಳನ್ನು ಕಳಿಸಿಕೊಡುವ ಹಾಡಿಗೆ ಏಳು ನುಡಿ. ಅಷ್ಟು ನಿಧಾನದ್ದನ್ನು ಈಗಿನ ಜನ ಕೂತು ಕೇಳುವುದಿಲ್ಲ ಎಂದು ಗೌರೀಶ ಹೇಳಿದ್ದ. ಅರೀಬಾ ಒಪ್ಪಿ ಕೊನೆಯ ಮೂರನ್ನು ಬಿಟ್ಟಿದ್ದಳು. ನಾಲ್ಕನೆಯದಕ್ಕೇ ತಾಳ ಚುರುಕಾಗಿ ಹಾಡು ಅಲ್ಲಿಗೇ ಮುಗಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ನಡುವೆ ದಾರಿ ಮಾಡಿಕೊಂಡು, ಸಿದ್ದಕ್ಕನ ಕೈ ಹಿಡಿದು ಅಜ್ಜಿ ಹೊರಗೆ ಹೋಗುವುದು ಅರೀಬಾಳಿಗೆ ಕಂಡಿತು.

ಬಸ್ಸಿನಲ್ಲಿ ಅಜ್ಜಿ ಕಿಟಕಿಯಾಚೆ ನೋಡುತ್ತ ಕೂತಳು. ಯಾಕೆ ಎದ್ದುಹೋದೆ ಎಂದು ಕೇಳಲು ಅರೀಬಾಳಿಗೆ ಧೈರ್ಯ ಬರಲಿಲ್ಲ. ಸೋಮವಾರ ಕೇಳಿದರಾಯಿತು ಎಂದುಕೊಂಡಳು, ಆಮೇಲೆ ಮಂಗಳವಾರ. ಶುಕ್ರವಾರ ಬೆಳಿಗ್ಗೆ ಚಹಾ ಒಯ್ದಾಗ ಅಜ್ಜಿ ಏಳಲಿಲ್ಲ.

* * *

ಕಫನ್ ಬಟ್ಟೆ ಸುತ್ತಿಯಾಗಿತ್ತು. ಕೊನೆಯ ಸಲ ಮುಖ ನೋಡಿ ಹೊರಬಂದ ಸಿದ್ದಕ್ಕನನ್ನು ಅರೀಬಾ ಅಡುಗೆಮನೆಯ ಬಾಗಿಲಲ್ಲಿ ತಡೆದಳು.

"ಸಿದ್ದಕ್ಕಜ್ಜಿ, ಖರೇ ಹೇಳ್ರಿ. ಅವತ್ತ ದಾದಿಗೆ ನನ್ನ ಮ್ಯಾಲೆ ಸಿಟ್ಟ ಬಂದಿತ್ತೇನ್ರಿ?"

ಸಿದ್ದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬಂದಿತ್ತವಾ. ಸುಳ್ಳ ಯಾಕ ಹೇಳ್ಲಿ?"

ಅರೀಬಾ ಗೋಡೆಗೆ ಒರಗಿದಳು.

"ನೀ ಹಾಡಿದ್ದಕ್ಕಲ್ಲ. ದನಿ ನನಕಿಂತ ಚಲೋ ಐತಿ ಅಂದ್ಲು. ಆದ್ರ ಹಾಡಿನ್ಯಾಗಿನ ಹುಡುಗಿ ಇನ್ನೂ ಹೊಸ್ತಿಲಾ ದಾಟಿಲ್ಲ, ಇಕಿ ಹಾಡ ಮುಗಿಸಿಬಿಟ್ಲು, ಆ ಕೂಸು ಒಳಗ ನಿಂತ ಉಳೀತು ಅಂದ್ಲು. ಹೊರಗ ಪಾವಟಿಗಿ ಮ್ಯಾಲೆ ಕುಂತು ಉಳಿದ ಮೂರೂ ನುಡಿ ತಾನ ಹಾಡಿದ್ಲು. ಆಮ್ಯಾಲೆ ಎದ್ಲು."

ಅಷ್ಟರಲ್ಲಿ ಹೊರಗಿನಿಂದ ಕರೆದರು. ಹಾಡು ತೆಗೆದೆಯಾ ಎಂದು ಶಾದಾಬ ಕಣ್ಣಲ್ಲೇ ಕೇಳಿದ. ಅರೀಬಾ ಇಲ್ಲವೆಂದು ತಲೆಯಾಡಿಸಿದಳು. ಅವನು ಮುಖ ತಿರುಗಿಸಿ ತಾಯಿಯ ಜನಾಜಾಕ್ಕೆ ಹೆಗಲು ಕೊಟ್ಟ.

ಹೆಂಗಸರು ಜನಾಜಾದ ಹಿಂದೆ ಹೋಗುವಂತಿಲ್ಲ, ಬಾಗಿಲಲ್ಲೇ ನಿಂತರು. ಅರೀಬಾಳ ತುಟಿಗಳು ದನಿಯಿಲ್ಲದೆ ಐದನೆಯ ನುಡಿಯನ್ನು ಹಿಡಿದವು. ದುವಾ ಓದುತ್ತಿದ್ದಾಳೆಂದುಕೊಂಡು ಚಾಚಿ ಬೆನ್ನು ಸವರಿದಳು. ಹೊತ್ತವರ ನಡಿಗೆ ಬಿರುಸಾಗಿತ್ತು. ಆರನೆಯದು ಮುಗಿಯುವಷ್ಟರಲ್ಲಿ ಜನಾಜಾ ಹಿಟ್ಟಿನ ಗಿರಣಿಯ ತಿರುವು ಮುಟ್ಟಿತ್ತು.

ಅರೀಬಾ ಬರಿಗಾಲಲ್ಲೇ ಓಣಿಗೆ ಇಳಿದಳು. ಹಿಂದಿನಿಂದ ಹೆಂಗಸರು ಹೆಸರು ಹಿಡಿದು ಕೂಗುತ್ತಿದ್ದರು. ಅವಳು ತುಟಿಯಾಡಿಸುತ್ತ, ಏಳನೆಯ ನುಡಿಯ ಒಂದೊಂದೇ ಸಾಲನ್ನು ಅವಸರವಿಲ್ಲದೆ ಎಳೆಯುತ್ತ, ತಿರುವಿನ ಕಡೆಗೆ ನಡೆಯುತ್ತಿದ್ದಳು.